ಕಾರ್ಕ್ ಪಟ್ಟಣದ ಊಟ, ವಸತಿ, ಸಂಗೀತ

ದೂರದೇಶಗಳಿಗೆ ಹೋಗಿ ಬಂದವರು ಬರೆಯುವ ಲೇಖನಗಳಲ್ಲಿ ಕೋಟೆ ಕೊತ್ತಲಗಳ ಎತ್ತರವೂ ವಸ್ತುಸಂಗ್ರಹಾಲಯಗಳ ವಿಸ್ತಾರವೂ ಬೇಕಾದಷ್ಟು ಸಿಕ್ಕುವುವು. ಹೋದ ಊರಿನಲ್ಲಿ ಎಲ್ಲಿ ಇಳಿದುಕೊಂಡರು, ಹೊತ್ತು ಹೊತ್ತಿಗೆ ಏನು ಉಂಡರು, ಸಂಜೆಯನ್ನು ಹೇಗೆ ಕಳೆದರು ಎಂಬುದನ್ನು ತಿಳಿಸುವವರು ಮಾತ್ರ ಕಡಿಮೆ. ಸಂಸಾರವಂದಿಗರಾದ ನಮಗೆ ಬೇಕಾದುದು ಈ ಎರಡನೆಯ ಬಗೆಯ ತಿಳಿವಳಿಕೆ. ಆದಕಾರಣ, ಐರ್ಲೆಂಡ್ ದೇಶದ ದಕ್ಷಿಣ ಭಾಗದಲ್ಲಿರುವ ಕಾರ್ಕ್ ಪಟ್ಟಣದಲ್ಲಿ ನಾನೂ ನನ್ನ ಮನೆಯಾಕೆಯೂ ಆರು ದಿನ ಇದ್ದು ಕಂಡುದನ್ನೂ ಉಂಡುದನ್ನೂ, ಎಲ್ಲಕ್ಕಿಂತ ಮುಖ್ಯವಾಗಿ ಕೇಳಿದುದನ್ನೂ ವಾಚಕರ ಮುಂದಿಡುತ್ತೇನೆ.

ನನ್ನ ತಮ್ಮನ ಮಗ ಅಲ್ಲಿ ಒಂದು ಉದ್ಯೋಗದಲ್ಲಿದ್ದಾನೆ. "ದೊಡ್ಡಪ್ಪ, ದೊಡ್ಡಮ್ಮನನ್ನು ಕರೆದುಕೊಂಡು ಒಂದು ಸಲವಾದರೂ ಬನ್ನಿ" ಎಂದು ಮೂರು ವರ್ಷಗಳಿಂದ ಕರೆಯುತ್ತಿದ್ದ. ಅವನ ದೊಡ್ಡಮ್ಮ ಹೊರಡಲು ಒಪ್ಪಿದುದಕ್ಕೆ ಕಾರಣ ಬೇರೆಯೇ ಇತ್ತು. ಅವಳ ತಂದೆ ಮೈಸೂರಿನಲ್ಲಿ ಪಿಟೀಲು ಹೇಳಿಕೊಡುತ್ತಿದ್ದವರು. ಮಗಳಿಗೂ ಹತ್ತು ಹನ್ನೆರಡು ವರ್ಷ ಪಾಠ ಮಾಡಿದ್ದರು. ಅವರು ತೀರಿಕೊಂಡ ಮೇಲೆ ಇವಳು ಪಿಟೀಲಿನ ಪೆಟ್ಟಿಗೆಯನ್ನು ಅಟ್ಟದ ಮೇಲೆ ಇಟ್ಟವಳು ಮತ್ತೆ ಇಳಿಸಿರಲಿಲ್ಲ. ಯಾರು ಕೇಳಿದರೂ "ಕೈ ಹೋಯಿತು" ಎಂದು ಒಂದೇ ಮಾತು. ಹೀಗಿದ್ದವಳಿಗೆ, ಆ ಊರಿನ ಪಾನಗೃಹಗಳಲ್ಲಿ ರಾತ್ರಿಯ ಹೊತ್ತು ಜನರು ಮೇಜಿನ ಸುತ್ತ ಕುಳಿತು ಪಿಟೀಲು ಬಾರಿಸುತ್ತಾರೆ, ಟಿಕೆಟ್ಟಿಲ್ಲ, ವೇದಿಕೆಯಿಲ್ಲ ಎಂದು ಹುಡುಗ ಬರೆದುದು ಮನಸ್ಸಿಗೆ ಹತ್ತಿತು. "ಕೇಳಿಕೊಂಡು ಬರೋಣ" ಎಂದಳು. ಅವಳ ಬಾಯಿಂದ ಅಷ್ಟು ಬಂದುದೇ ನನಗೆ ದೊಡ್ಡದಾಗಿ ಕಂಡಿತು.

ಡಬ್ಲಿನ್ ನಗರದಿಂದ ಕಾರ್ಕಿಗೆ ರೈಲಿನಲ್ಲಿ ಎರಡೂವರೆ ಗಂಟೆಯ ದಾರಿ. ಇಕ್ಕೆಲಗಳಲ್ಲಿಯೂ ಹಸುರು, ಹಸುರಿನ ಮೇಲೆ ದನಗಳು, ದನಗಳ ಮೇಲೆ ಮಳೆ. ಕಾರ್ಕ್ ಎಂಬ ಹೆಸರಿಗೂ ಸೀಸೆಯ ಬಿರಡೆಗೂ ಯಾವ ಸಂಬಂಧವೂ ಇಲ್ಲ. ಐರಿಷ್ ಭಾಷೆಯಲ್ಲಿ ಆ ಮಾತಿಗೆ ಜೌಗು ನೆಲವೆಂದು ಅರ್ಥ. ಲೀ ಎಂಬ ನದಿಯು ಇಲ್ಲಿ ಎರಡು ಕವಲಾಗಿ ಹರಿದು ನಡುವೆ ಒಂದು ದ್ವೀಪವನ್ನು ಬಿಟ್ಟಿದೆ. ಪಟ್ಟಣದ ಹೃದಯಭಾಗವೆಲ್ಲ ಆ ದ್ವೀಪದ ಮೇಲಿದೆ. ಈಗಿನ ದೊಡ್ಡ ಬೀದಿಗಳಲ್ಲಿ ಹಲವು ಹಿಂದೆ ಕಾಲುವೆಗಳಾಗಿದ್ದುವು. ಸೇಂಟ್ ಪ್ಯಾಟ್ರಿಕ್ ಬೀದಿಯು ನೇರವಾಗಿ ಹೋಗದೆ ಹಾವಿನಂತೆ ಬಳುಕಿರುವುದು ಅದರ ಅಡಿಯಲ್ಲಿ ಹಳೆಯ ಕವಲೊಂದು ಇರುವುದರಿಂದ. ಸೌತ್ ಮಾಲ್ ಎಂಬ ಬೀದಿಯಲ್ಲಿ ಕೆಲವು ಮನೆಗಳ ಬಾಗಿಲಿಗೆ ಎತ್ತರದ ಮೆಟ್ಟಿಲುಗಳಿವೆ. ಮೆಟ್ಟಿಲುಗಳ ಬುಡದಲ್ಲಿ ತಗ್ಗಾದ ಕಮಾನುಗಳು. ಅವು ವ್ಯಾಪಾರಿಗಳು ದೋಣಿ ನಿಲ್ಲಿಸುತ್ತಿದ್ದ ಸ್ಥಳ. ಇಂದು ಅದೇ ಬೀದಿಯಲ್ಲಿ ಮೋಟಾರುಗಳು ನಿಂತಿವೆ.

ವಸತಿಯ ವಿಚಾರ. ಕೈಯಲ್ಲಿ ಹಣವಿದ್ದವರಿಗೆ ಸೌತ್ ಮಾಲಿನ ಇಂಪೀರಿಯಲ್ ಹೋಟೆಲು, ಮ್ಯಾಕ್‌ಕರ್ಟನ್ ಬೀದಿಯ ಮೆಟ್ರೊಪೋಲ್ ಹೋಟೆಲು, ಇವು ಹಳೆಯ ಕಾಲದ ಮರ್ಯಾದಸ್ತ ಮನೆಗಳು. ಎರಡನೆಯದು ರೈಲು ನಿಲ್ದಾಣಕ್ಕೆ ಹತ್ತಿರ, ಸಂಗೀತ ನಡೆಯುವ ಕೋಬರ್ಗ್ ಬೀದಿಗೆ ಇನ್ನೂ ಹತ್ತಿರ. ಆ ಬೀದಿಗೆ ಹೆಸರು ಕೊಟ್ಟ ತೊಮಾಸ್ ಮ್ಯಾಕ್‌ಕರ್ಟನ್ ಈ ಪಟ್ಟಣದ ಮೇಯರಾಗಿದ್ದವನು. 1920ರ ಮಾರ್ಚಿಯಲ್ಲಿ ಅವನನ್ನು ಅವನ ಮನೆಯಲ್ಲಿಯೇ ಗುಂಡಿಟ್ಟು ಕೊಂದರು. ಅವನ ಸ್ಥಾನಕ್ಕೆ ಬಂದವನೇ ಟೆರೆನ್ಸ್ ಮ್ಯಾಕ್‌ಸ್ವೀನಿ. ಲಂಡನ್ನಿನ ಬ್ರಿಕ್ಸ್‌ಟನ್ ಸೆರೆಮನೆಯಲ್ಲಿ 74 ದಿನ ಉಪವಾಸವಿದ್ದು ಅದೇ ವರ್ಷ ಅಕ್ಟೋಬರ್ 25ರಂದು ಪ್ರಾಣಬಿಟ್ಟ ಆ ಮಹನೀಯನ ಹೆಸರು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. 1929ರಲ್ಲಿ ಲಾಹೋರಿನ ಸೆರೆಯಲ್ಲಿ ಜತೀಂದ್ರನಾಥ ದಾಸರು 63 ದಿನ ಉಪವಾಸವಿದ್ದು ತೀರಿಕೊಂಡಾಗ ಮ್ಯಾಕ್‌ಸ್ವೀನಿಯ ಮನೆಯವರು ಸಂತಾಪದ ತಂತಿಯನ್ನು ಕಳುಹಿಸಿದ್ದರು. ಹೋಟೆಲಿನ ವಿಳಾಸವನ್ನು ಹುಡುಕುತ್ತ ಹೋದವನು ಇಂತಹ ಹೆಸರಿನ ಬೀದಿಯಲ್ಲಿ ನಿಂತಾಗ ಒಂದು ಗಳಿಗೆ ಟೋಪಿ ತೆಗೆಯಬೇಕೆನ್ನಿಸುವುದು.

ನಾವು ಇಳಿದುಕೊಂಡುದು ಇವೆರಡರಲ್ಲಿಯೂ ಅಲ್ಲ. ಪಟ್ಟಣದ ಪಶ್ಚಿಮಕ್ಕೆ ವಿಶ್ವವಿದ್ಯಾಲಯದ ಕಡೆಗೆ ಹೋಗುವ ವೆಸ್ಟರ್ನ್ ರೋಡ್ ಎಂಬ ರಸ್ತೆಯುಂಟು. ಅಲ್ಲಿ ಗೃಹಸ್ಥರು ತಮ್ಮ ಮನೆಗಳ ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಬೆಳಗಿನ ಫಲಾಹಾರವನ್ನೂ ಒದಗಿಸುತ್ತಾರೆ. ಸಂಸಾರಸ್ಥರಿಗೆ ಇದಕ್ಕಿಂತ ಅನುಕೂಲವಾದ ಏರ್ಪಾಡಿಲ್ಲವೆಂದು ನನ್ನ ಅಭಿಪ್ರಾಯ. ಪಟ್ಟಣದ ನಡುವಿಗೆ ನಡೆದೇ ಹೋಗಬಹುದು, ರಾತ್ರಿ ನಿಶ್ಶಬ್ದ, ಮನೆಯೊಡತಿ ಬಾಗಿಲಲ್ಲಿ ನಿಂತು "ಕೊಡೆ ತೆಗೆದುಕೊಂಡಿರಾ?" ಎಂದು ಕೇಳಿಯೇ ಕಳುಹಿಸುವಳು. ಅಕ್ಟೋಬರ್ ತಿಂಗಳ ಕೊನೆಯ ವಾರ ಮಾತ್ರ ಅಲ್ಲಿಗೆ ಹೋಗಬಾರದು. ಆಗ 1978ರಿಂದ ನಡೆದುಬಂದಿರುವ ಜ್ಯಾಜ್ ಸಂಗೀತೋತ್ಸವ ಸೇರುವುದರಿಂದ ಕೋಣೆಗಳು ಸಿಕ್ಕುವುದು ದುರ್ಲಭ, ಸಿಕ್ಕಿದರೂ ಬೆಲೆ ಕೇಳುವಂತಿಲ್ಲ.

ಕೊಡೆಯ ಮಾತು ಬಂದುದರಿಂದ ಒಂದು ಸಂಗತಿ. ಇಲ್ಲಿಯ ವಿಶ್ವವಿದ್ಯಾಲಯದಲ್ಲಿ 1849ರಿಂದ ಗಣಿತದ ಮೊದಲನೆಯ ಪ್ರಾಧ್ಯಾಪಕನಾಗಿದ್ದವನು ಜಾರ್ಜ್ ಬೂಲ್. ಇಂದಿನ ಗಣಕಯಂತ್ರಗಳ ತರ್ಕಕ್ಕೆಲ್ಲ ತಳಹದಿ ಹಾಕಿದವನು. ಹಿಮಾಲಯದ ಶಿಖರಕ್ಕೆ ಯಾರ ಹೆಸರನ್ನಿಟ್ಟರೋ ಆ ಎವರೆಸ್ಟ್ ಸಾಹೇಬರ ತಮ್ಮನ ಮಗಳು ಅವನ ಹೆಂಡತಿ. 1864ರಲ್ಲಿ ಒಂದು ದಿನ ಮನೆಯಿಂದ ಕಾಲೇಜಿಗೆ ಮಳೆಯಲ್ಲಿ ನೆನೆದುಕೊಂಡು ನಡೆದು, ಒದ್ದೆ ಬಟ್ಟೆಯಲ್ಲಿಯೇ ಪಾಠ ಹೇಳಿ, ಜ್ವರ ಹಿಡಿದು, ಡಿಸೆಂಬರಿನಲ್ಲಿ ತೀರಿಕೊಂಡ. ಜಗತ್ತಿನ ತರ್ಕವನ್ನು ತಿದ್ದಿದವನನ್ನು ಕಾರ್ಕಿನ ಮಳೆ ಬಿಡಲಿಲ್ಲ. ನಮ್ಮನಿಮ್ಮಂಥವರು ಕೊಡೆಯನ್ನು ಮರೆಯಬಾರದು.

ಇನ್ನು ಊಟ. ಸಸ್ಯಾಹಾರಿಗಳಾದ ನಾವು ಹೊರಡುವ ಮುಂಚೆ ಬಹಳ ಹೆದರಿದ್ದೆವು. ಅವಲಕ್ಕಿ, ಹುರಿಗಾಳು, ಚಟ್ನಿಪುಡಿ, ಉಪ್ಪಿನಕಾಯಿ ಎಂದು ಒಂದು ಪೆಟ್ಟಿಗೆಯೇ ನಮ್ಮೊಡನೆ ಬಂದಿತ್ತು. ಮೊದಲ ದಿನದ ಬೆಳಿಗ್ಗೆ ಪಕ್ಕದ ಮೇಜಿನವರ ತಟ್ಟೆಯನ್ನು ನೋಡಿದಾಗ ಆ ಹೆದರಿಕೆ ನಿಜವೆನ್ನಿಸಿತು. ಹಂದಿಯ ಮಾಂಸ, ಅದರ ಪಕ್ಕದಲ್ಲಿ ರಕ್ತದಿಂದ ಮಾಡಿದ ಕಪ್ಪು ಬಿಲ್ಲೆ. ಮನೆಯೊಡತಿಗೆ ನಮ್ಮ ನಿಯಮವನ್ನು ತಿಳಿಸಿದ ಮೇಲೆ ಓಟ್ಸ್ ಧಾನ್ಯದ ಗಂಜಿ, ಸೋಡಾ ಹಾಕಿ ಅವಳೇ ಸುಟ್ಟ ಕಂದುಬಣ್ಣದ ರೊಟ್ಟಿ, ಹಣ್ಣಿನ ಪಾಕ, ಬೆಣ್ಣೆ, ಕಡುಬಣ್ಣದ ಹಾಲುಚಹ ಬಂದುವು. ಈ ಜನರ ಚಹಕ್ಕೆ ನಮ್ಮವರು ಹೆಸರಿಡುವಂತಿಲ್ಲ. ಚಮಚ ನಿಲ್ಲುವಷ್ಟು ಗಟ್ಟಿ. ಮೂರನೆಯ ದಿನ ನನ್ನಾಕೆ ಧೈರ್ಯಮಾಡಿ ಬೆಣ್ಣೆ ಸವರಿದ ರೊಟ್ಟಿಯ ಮೇಲೆ ಚಟ್ನಿಪುಡಿಯನ್ನು ಉದುರಿಸಿಕೊಂಡಳು. ಮನೆಯೊಡತಿ ತಾನೂ ಒಂದು ಚೂರು ರುಚಿ ನೋಡಿ, ಕಣ್ಣಲ್ಲಿ ನೀರು ತುಂಬಿಕೊಂಡು, ಏನೂ ಹೇಳದೆ ಒಳಕ್ಕೆ ಹೋದಳು. ಮರುದಿನ ಬೆಳಿಗ್ಗೆ ಒಂದು ಪುಟ್ಟ ಖಾಲಿ ಸೀಸೆಯನ್ನು ತಂದು ನಮ್ಮ ಮೇಜಿನ ಮೇಲಿಟ್ಟಳು.

ಆ ಬೆಣ್ಣೆಯ ವಿಚಾರವನ್ನು ಎರಡು ಮಾತಿನಲ್ಲಿ ಹೇಳದಿದ್ದರೆ ಗೃಹಿಣಿಯರು ನನ್ನನ್ನು ಮನ್ನಿಸರು. ಕಾರ್ಕ್ ಪಟ್ಟಣದ ಹಳೆಯ ಐಶ್ವರ್ಯವೆಲ್ಲ ಬೆಣ್ಣೆಯಿಂದ ಬಂದುದು. ಸುತ್ತಣ ಸೀಮೆಯ ರೈತರು ಮರದ ಪೀಪಾಯಿಗಳಲ್ಲಿ ಉಪ್ಪುಬೆಣ್ಣೆಯನ್ನು ತುಂಬಿಕೊಂಡು ಬರುವುದಕ್ಕೆಂದೇ ರಸ್ತೆಗಳನ್ನು ಹಾಕಿಸಿದ್ದರು. 1770ರಲ್ಲಿ ಶ್ಯಾಂಡನ್ ಎಂಬ ಗುಡ್ಡದ ಮೇಲೆ ಬೆಣ್ಣೆಯ ಪೇಟೆ ಏರ್ಪಟ್ಟು, ಪ್ರತಿ ಪೀಪಾಯಿಯನ್ನೂ ಪರೀಕ್ಷಿಸಿ ದರ್ಜೆಯ ಗುರುತು ಹಾಕಿ ಹಡಗೇರಿಸುತ್ತಿದ್ದರು. ವೆಸ್ಟ್ ಇಂಡೀಸಿನವರೆಗೆ ಅದು ಕೆಡದೆ ಹೋಗುತ್ತಿತ್ತು. 1924ರಲ್ಲಿ ಪೇಟೆ ಮುಚ್ಚಿತು. ಈಗ ಅಲ್ಲಿ ಬೆಣ್ಣೆಯ ವಸ್ತುಸಂಗ್ರಹಾಲಯವಿದೆ. ಕಡೆಗೋಲನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವುದನ್ನು ಕಂಡು ನನ್ನಾಕೆಗೆ ನಗು ತಡೆಯಲಾಗಲಿಲ್ಲ.

ಮಧ್ಯಾಹ್ನದ ಊಟಕ್ಕೆ 1788ರಿಂದ ನಡೆದುಬಂದಿರುವ ಇಂಗ್ಲಿಷ್ ಮಾರ್ಕೆಟ್ ಎಂಬ ಮೇಲ್ಛಾವಣಿಯ ಸಂತೆಗೆ ಹೋಗಬಹುದು. ಪ್ರಿನ್ಸಸ್ ಬೀದಿಯ ಕಡೆಯ ಬಾಗಿಲಲ್ಲಿ ಹೊಕ್ಕರೆ ಕಾರಂಜಿಯೂ ಅದರ ಸುತ್ತ ಉಪ್ಪರಿಗೆಯೂ ಕಾಣುವುವು. ಮೇಲೆ ಕುಳಿತು ಉಣ್ಣುವುದಕ್ಕೆ ಫಾರ್ಮ್‌ಗೇಟ್ ಎಂಬ ಭೋಜನಶಾಲೆಯಿದೆ. ಮೀನು ಮಾಂಸಗಳ ಸಾಲುಗಳನ್ನು ಸಹಿಸಲಾರದವರು ಆ ಭಾಗವನ್ನು ಬೇಗನೆ ದಾಟಿ ರೊಟ್ಟಿ, ಗಿಣ್ಣು, ಹಣ್ಣು, ಆಲಿವ್ ಕಾಯಿಗಳ ಕಡೆಗೆ ಹೋಗುವುದು ಉತ್ತಮ. ನಾವು ಹಾಗೆಯೇ ಮಾಡಿದೆವು. ಇತರ ಕಡೆಗಳಲ್ಲಿ ಒಂದು ಎಚ್ಚರಿಕೆ: ತರಕಾರಿಯ ಸಾರು ಎಂದು ಹಲಗೆಯ ಮೇಲೆ ಬರೆದಿದ್ದರೂ ಅದನ್ನು ಕೋಳಿಯ ಎಲುಬಿನ ನೀರಿನಲ್ಲಿ ಬೇಯಿಸಿರಬಹುದು. ಮುಂಚೆಯೇ ಕೇಳಬೇಕು, ಕೇಳಿದರೆ ಮುಚ್ಚಿಡದೆ ಹೇಳುವರು. ಬೇಯಿಸಿದ ಆಲೂಗೆಡ್ಡೆಯನ್ನು ಎಲೆಕೋಸು, ಹಾಲು, ಬೆಣ್ಣೆಗಳೊಡನೆ ಮಸೆದು ಮಾಡುವ ಕೋಲ್‌ಕ್ಯಾನನ್ ಎಂಬ ಭಕ್ಷ್ಯ ನಮ್ಮ ನಾಲಗೆಗೆ ಒಪ್ಪುತ್ತದೆ. ಒಂದು ಒಗ್ಗರಣೆ ಬಿದ್ದಿದ್ದರೆ ಎಂದು ಮರುಗುವುದೊಂದೇ ಉಳಿಯುವುದು.

ನಿಜವಾದ ಔತಣ ಸಿಕ್ಕಿದುದು ಲ್ಯಾಂಕಾಸ್ಟರ್ ಕೀ ಎಂಬಲ್ಲಿ, ಹೊಳೆಯ ಮಗ್ಗುಲಲ್ಲಿರುವ ಪ್ಯಾರಡಿಸೊ ಎಂಬ ಭೋಜನಶಾಲೆಯಲ್ಲಿ. 1993ರಿಂದ ಇರುವ ಇದು ಪೂರ್ತಿಯಾಗಿ ಸಸ್ಯಾಹಾರದ್ದು. ಇಷ್ಟು ದನಕುರಿಗಳ ನಾಡಿನಲ್ಲಿ ಮಾಂಸವನ್ನು ಮುಟ್ಟದ ಭೋಜನಶಾಲೆಯೊಂದು ಮೂವತ್ತು ವರ್ಷ ದಾಟಿ ಹೆಸರು ಗಳಿಸಿದೆಯೆಂದರೆ ಅಡಿಗೆಯವರ ಕೈಗುಣವನ್ನು ಊಹಿಸಿಕೊಳ್ಳಬಹುದು. ಮುಂಚಿತವಾಗಿ ತಿಳಿಸಿ ಜಾಗ ಹಿಡಿಯಬೇಕು. ಬೆಲೆ ಹೆಚ್ಚು. ಆರು ದಿನದಲ್ಲಿ ಒಂದು ಸಲ ಹೋಗಬಹುದು, ಎರಡು ಸಲ ಹೋಗುವುದಕ್ಕೆ ನನ್ನಂತಹ ನಿವೃತ್ತನ ಹಣದ ಚೀಲ ಒಪ್ಪದು.

ಬೆಣ್ಣೆಯ ಪೇಟೆಯ ಪಕ್ಕದಲ್ಲಿಯೇ ಸೇಂಟ್ ಆನ್ ಎಂಬ ಪ್ರಾರ್ಥನಾಮಂದಿರವಿದೆ. ಅದರ ಗೋಪುರದ ಎರಡು ಮಗ್ಗುಲುಗಳು ಕೆಂಪು ಮರಳುಗಲ್ಲಿನವು, ಎರಡು ಬಿಳಿಯ ಸುಣ್ಣಗಲ್ಲಿನವು. ನಾಲ್ಕೂ ಕಡೆ ಗಡಿಯಾರಗಳಿದ್ದು ಅವು ಒಂದರ ವೇಳೆಯನ್ನೊಂದು ಒಪ್ಪದ ಕಾರಣ ಊರಿನವರು ಅದಕ್ಕೆ ನಾಲ್ಕು ಮುಖದ ಸುಳ್ಳುಗಾರನೆಂದು ಹೆಸರಿಟ್ಟಿದ್ದಾರೆ. ಒಳಗೆ 18ನೆಯ ಶತಮಾನದ ಎಂಟು ಘಂಟೆಗಳಿವೆ. ಯಾತ್ರಿಕರೇ ಹಗ್ಗಗಳನ್ನು ಎಳೆದು ಅವುಗಳನ್ನು ಬಾರಿಸಬಹುದು. ಹಗ್ಗಗಳಿಗೆ ಒಂದರಿಂದ ಎಂಟರವರೆಗೆ ಅಂಕೆ, ಪರಿಚಿತವಾದ ಹಾಡುಗಳಿಗೆ ಅಂಕೆಗಳ ಪಟ್ಟಿ. ನನ್ನಾಕೆ ಪಟ್ಟಿಯನ್ನು ಬದಿಗಿಟ್ಟು ಎಂಟನ್ನೂ ಒಂದೊಂದಾಗಿ ಎಳೆದಳು. ತಲೆಯೆತ್ತಿ ಕೇಳಿದಳು. "ಶಂಕರಾಭರಣ ರೀ" ಎಂದಳು. ಆಮೇಲೆ ಇಡೀ ಕಾರ್ಕ್ ಪಟ್ಟಣಕ್ಕೆ ಕೇಳುವಂತೆ ಮೊದಲನೆಯ ಸರಳೆಯನ್ನು ಆರೋಹಣ ಅವರೋಹಣ ಸಹಿತ ಬಾರಿಸಿದಳು. ತನ್ನ ತಂದೆ ಮಕ್ಕಳಿಗೆ ತಾಳ ಹಾಕುತ್ತಿದ್ದಂತೆ ಪಾದದಿಂದ ನೆಲವನ್ನು ತಟ್ಟುತ್ತಿದ್ದಳು. ಕೆಳಗೆ ಬೀದಿಯಲ್ಲಿ ಹೋಗುತ್ತಿದ್ದವರಿಗೆ ಏನೆನ್ನಿಸಿತೋ ತಿಳಿಯದು.

ಸಂಗೀತಕ್ಕೆ ಬರೋಣ. ಸಂಗೀತವಿರುವುದು ಪಾನಗೃಹಗಳಲ್ಲಿ. ಮರ್ಯಾದಸ್ತ ಮನೆತನದ ಹೆಂಗಸನ್ನು ಕರೆದುಕೊಂಡು ಅಲ್ಲಿಗೆ ಹೋಗಬಹುದೇ ಎಂಬ ಪ್ರಶ್ನೆ ನಮ್ಮಲ್ಲಿ ಅನೇಕರಿಗೆ ಬಂದೇ ಬರುವುದು. ನನಗೂ ಬಂದಿತ್ತು. ಅನುಮಾನಪಡುವವರು ಮೊದಲು ಪ್ಯಾಟ್ರಿಕ್ ಬೀದಿಯ ತುದಿಯಲ್ಲಿ, ಸೇತುವೆಯ ಬಳಿ ನಿಂತಿರುವ ಪ್ರತಿಮೆಯನ್ನು ನೋಡಬೇಕು. ಅದು ಪಾದ್ರಿ ಥಿಯೊಬಾಲ್ಡ್ ಮ್ಯಾಥ್ಯೂ ಅವರದು. 1838ರಲ್ಲಿ ಇದೇ ಪಟ್ಟಣದಲ್ಲಿ ಪಾನನಿರೋಧದ ಸಂಘವನ್ನು ಕಟ್ಟಿ ಲಕ್ಷಗಟ್ಟಲೆ ಜನರಿಂದ ಹೆಂಡವನ್ನು ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿಸಿದವರು. ಹೆಂಡಕ್ಕೂ ಹೆಂಡದ ವಿರೋಧಕ್ಕೂ ಸಮಾನವಾಗಿ ಹೆಸರಾದ ಊರು ಇದು. ಇಂದಿಗೂ ಅಲ್ಲಿ ಕುಡಿಯದವರಿದ್ದಾರೆ, ಅವರೂ ಪಾನಗೃಹಕ್ಕೆ ಬರುತ್ತಾರೆ. ಏಕೆಂದರೆ ಅದು ನಮ್ಮ ಹಳ್ಳಿಯ ಅರಳಿಕಟ್ಟೆಯಿದ್ದಂತೆ. ಊರಿನ ಮಾತೆಲ್ಲ ನಡೆಯುವುದು ಅಲ್ಲಿ. ಚಹವನ್ನೋ ಹಣ್ಣಿನ ಪಾನಕವನ್ನೋ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. 2004ರಿಂದ ಒಳಗೆ ಹೊಗೆಬತ್ತಿ ಸೇದುವುದನ್ನು ಕಾನೂನಿನಿಂದ ನಿಲ್ಲಿಸಿರುವುದರಿಂದ ಗಾಳಿಯೂ ಶುದ್ಧವಾಗಿದೆ. ಮಕ್ಕಳೊಂದಿಗರು ಮಾತ್ರ ಒಂದನ್ನು ತಿಳಿದಿರಬೇಕು. ಹದಿನೆಂಟು ತುಂಬದವರು ರಾತ್ರಿ 9 ಗಂಟೆಯ ಮೇಲೆ, ಬೇಸಗೆಯ ತಿಂಗಳುಗಳಲ್ಲಿ 10ರ ಮೇಲೆ, ಅಲ್ಲಿ ಇರಕೂಡದು. ಸಂಗೀತವಾದರೋ ಅನೇಕ ಕಡೆ ಒಂಬತ್ತೂವರೆಗೆ ಶುರುವಾಗುವುದು. ಸಂಜೆಯ ಹೊತ್ತಿಗೇ ಕೂರುವ ಮೇಳ ಎಲ್ಲಿದೆಯೆಂದು ವಿಚಾರಿಸಿಕೊಂಡು ಹೋಗಬೇಕು.

ನಾವು ಎರಡು ಮನೆಗಳಿಗೆ ಹೋದೆವು. ಸೌತ್ ಮೇನ್ ಬೀದಿಯಲ್ಲಿರುವ ಒಂದಕ್ಕೆ ಐರಿಷ್ ಭಾಷೆಯಲ್ಲಿ ಅಲೆಮಾರಿ ಕೂಲಿಗಾರನೆಂದು ಹೆಸರು, 'ಅನ್ ಸ್ಪಾಲ್ಪೀನ್ ಫಾನಖ್'. ಅದರ ಎದುರಿಗೆ 1792ರಿಂದ 2009ರವರೆಗೆ ಕರಿಯ ಬಿಯರನ್ನು ಬಟ್ಟಿಯಿಳಿಸುತ್ತಿದ್ದ ಬೀಮಿಷ್ ಕಾರ್ಖಾನೆಯ ಹಳೆಯ ಮುಖಮಂಟಪವಿದೆ. ಬಿಯರನ್ನು ಬಟ್ಟಿಯಿಳಿಸುವುದಿಲ್ಲ, ಹುದುಗೆಬ್ಬಿಸುವುದೆಂದು ಹುಡುಗ ನನ್ನನ್ನು ತಿದ್ದಿದ. ಈ ವಿದ್ಯೆ ನನಗೆ ಬೇಕಾಗಿರಲಿಲ್ಲ. ಇನ್ನೊಂದು ಕೋಬರ್ಗ್ ಬೀದಿಯ 'ಶಿನ್ ಏ'. ಆ ಮಾತಿಗೆ "ಅಷ್ಟೇ, ಮುಗಿಯಿತು" ಎಂದು ಅರ್ಥ. ಶವಗಳನ್ನು ಸಂಸ್ಕಾರಕ್ಕೆ ಅಣಿಮಾಡುವ ಮನೆ ಅದರ ಪಕ್ಕದಲ್ಲಿಯೇ ಇರುವುದರಿಂದ ಆ ಹೆಸರು ಬಂದಿತೆಂದು ಊರವರು ನಗುತ್ತ ಹೇಳುವರು. ಮರಣದ ಪಕ್ಕದ ಗೋಡೆಗೆ ಒರಗಿಕೊಂಡು ಜನ ಸಂಗೀತ ಕೇಳುವರು.

ಒಳಗೆ ಕತ್ತಲು, ಇಕ್ಕಟ್ಟು, ಗೋಡೆಯ ತುಂಬ ಚಿತ್ರಗಳು. ಒಂದು ಮೂಲೆಯ ಮೇಜಿನ ಸುತ್ತ ಆರೇಳು ಜನ. ಇಬ್ಬರು ಹುಡುಗಿಯರೂ ಒಬ್ಬ ನಡುವಯಸ್ಸಿನವನೂ ಪಿಟೀಲಿನವರು. ಬಿಳಿಗೂದಲಿನ ಮುದುಕರೊಬ್ಬರು ಮರದ ಕೊಳಲಿನವರು. ಒಬ್ಬಾಕೆಯ ಕೈಯಲ್ಲಿ ಎರಡು ಕಡೆಯಿಂದ ಹಿಂಡಿ ನುಡಿಸುವ ಪುಟ್ಟ ತಿದಿವಾದ್ಯ. ಒಬ್ಬನ ತೊಡೆಯ ಮೇಲೆ ಬೊರಾನ್ ಎಂಬ, ಮೇಕೆಯ ಚರ್ಮ ಬಿಗಿದ, ನಮ್ಮ ಕಂಜರದ ಅಣ್ಣನಂತಿರುವ ವಾದ್ಯ. ಮತ್ತೊಂದು ದಿನ ಇಲ್ಲಿನ್ ಪೈಪನ್ನೂ ಕಂಡೆವು. ಅದರ ಚೀಲಕ್ಕೆ ಬಾಯಿಂದ ಊದುವುದಿಲ್ಲ, ಮೊಣಕೈಯಡಿಯ ತಿದಿಯಿಂದ ಗಾಳಿ ತುಂಬುವರು. ಈ ವಾದನಕಲೆಯನ್ನು 2017ರಲ್ಲಿ ಯುನೆಸ್ಕೋ ಸಂಸ್ಥೆ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಇದು ಕಚೇರಿಯಲ್ಲ. ಇದನ್ನು ಮೊದಲು ಮನದಟ್ಟು ಮಾಡಿಕೊಳ್ಳದಿದ್ದರೆ ಹೊಸಬರಿಗೆ ನಿರಾಶೆಯಾಗುವುದು. ವಾದ್ಯಗಾರರು ನಮ್ಮ ಕಡೆಗೆ ಮುಖ ಮಾಡಿ ಕೂರುವುದಿಲ್ಲ, ಒಬ್ಬರಿಗೊಬ್ಬರು ಮುಖ ಮಾಡಿಕೊಂಡಿರುತ್ತಾರೆ. ಯಾರೋ ಒಬ್ಬರು ಒಂದು ಮಟ್ಟನ್ನು ಶುರುಮಾಡುವರು. ಗೊತ್ತಿದ್ದವರು ಸೇರಿಕೊಳ್ಳುವರು, ಗೊತ್ತಿಲ್ಲದವರು ವಾದ್ಯವನ್ನು ತೊಡೆಯ ಮೇಲಿಟ್ಟು ಕೇಳುವರು. ಒಂದೊಂದು ಮಟ್ಟಿಗೂ ಸಾಮಾನ್ಯವಾಗಿ ಎರಡು ಅಂಗ, ಒಂದೊಂದಕ್ಕೆ ಎಂಟು ಆವರ್ತ, ಪ್ರತಿಯೊಂದನ್ನೂ ಎರಡು ಸಲ. ಹೀಗೆ ಇಡೀ ಮಟ್ಟನ್ನು ಎರಡು ಮೂರು ಸಲ ನುಡಿಸಿ ನಿಲ್ಲಿಸದೆ ಇನ್ನೊಂದಕ್ಕೆ ಜಾರುವರು. ಆ ಜಾರುವ ಕ್ಷಣದಲ್ಲಿ ಮೇಜಿನ ಸುತ್ತ ಒಂದು ಸಣ್ಣ ಹುಯ್ಯಲೇಳುವುದು. ಅದೇ ಅವರ ಭಲೆ. ರೀಲ್ ಎಂಬುದು ನಾಲ್ಕರ ನಡೆ, ಜಿಗ್ ಆರರ ನಡೆ, ಪೋಲ್ಕಾ ಎರಡರದು. ಈ ಪ್ರಾಂತದಲ್ಲಿ ಪೋಲ್ಕಾಗಳೇ ಹೆಚ್ಚು. ಕಾರ್ಕ್ ಮತ್ತು ಕೆರಿ ಸೀಮೆಗಳ ಗಡಿಯಲ್ಲಿರುವ ಶ್ಲೀವ್ ಲೂಖ್ರ ಎಂಬ ಬೆಟ್ಟನಾಡು ಅವುಗಳ ತವರು. ಅಲ್ಲಿ ಪಾಡ್ರಿಗ್ ಓ ಕೀಫ್ (1887–1963) ಎಂಬ ಪಿಟೀಲಿನ ಉಪಾಧ್ಯಾಯನಿದ್ದ. ಶಾಲೆಯ ಮಾಸ್ತರಿಕೆ ಹೋದ ಮೇಲೆ ಬೆಟ್ಟದ ಹಾದಿಗಳಲ್ಲಿ ಮನೆಯಿಂದ ಮನೆಗೆ ನಡೆದು ಪಾಠ ಹೇಳುತ್ತಿದ್ದ. ತಂತಿಗೊಂದು ಸಾಲು, ಬೆರಳಿಗೊಂದು ಅಂಕೆ ಎಂದು ತನ್ನದೇ ಲಿಪಿಯನ್ನು ಮಾಡಿಕೊಂಡು ಶಿಷ್ಯರಿಗೆ ಬರೆದುಕೊಡುತ್ತಿದ್ದ. ಇದನ್ನು ಕೇಳಿ ನನ್ನಾಕೆ ಬಹಳ ಹೊತ್ತು ಸುಮ್ಮನಿದ್ದಳು. ಅವಳ ತಂದೆಯೂ ಬೈಸಿಕಲ್ಲಿನ ಮೇಲೆ ಮನೆಮನೆಗೆ ಹೋಗಿ ಪಾಠ ಹೇಳಿದವರು.

ನಡವಳಿಕೆಯ ಕೆಲವು ನಿಯಮಗಳಿವೆ. ಮೇಳದ ಮೇಜಿನ ಬಳಿ ಖಾಲಿ ಕುರ್ಚಿ ಕಂಡರೆ ಕೂರಬಾರದು, ಅದು ಬರಲಿರುವ ವಾದ್ಯಗಾರನದು. ಪಕ್ಕದಲ್ಲಿ ಗಟ್ಟಿಯಾಗಿ ಮಾತಾಡಬಾರದು, ಆದರೆ ನಮ್ಮ ಸಭೆಗಳಂತೆ ಮೌನವೂ ಇರುವುದಿಲ್ಲ. ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟುವುದು ಅವರಿಗೆ ಹಿಡಿಸದು, ಪಾದದಿಂದ ಮೆಲ್ಲಗೆ ತಟ್ಟಬಹುದು. ಯಾರಾದರೂ ಹಳೆಯ ರೀತಿಯಲ್ಲಿ ಒಬ್ಬರೇ ಹಾಡಲು ತೊಡಗಿದರೆ ಮಾತ್ರ ಇಡೀ ಮನೆ ಗಪ್ಪಾಗುವುದು. ಆಗ ಸುರಿಯುವವನು ಕೂಡ ಲೋಟವನ್ನು ಕೆಳಗಿಡುವನು.

ನನ್ನಾಕೆಯ ದೃಷ್ಟಿಯೆಲ್ಲ ಪಿಟೀಲಿನವರ ಎಡಗೈಯ ಮೇಲೆ. "ಗಮಕವಿಲ್ಲ, ಆದರೆ ಸುಮ್ಮನೆ ಬಿಡುವುದಿಲ್ಲ ನೋಡಿ. ಸ್ವರವನ್ನು ಚಿವುಟುತ್ತಾರೆ" ಎಂದಳು. ಆ ಚಿವುಟನ್ನೂ ಹೊರಳಿಕೆಯನ್ನೂ ಅವರು ಪುಸ್ತಕದಲ್ಲಿ ಬರೆಯುವುದಿಲ್ಲ, ಕಿವಿಯಿಂದಲೇ ಹಿಡಿಯಬೇಕು. ಹಾಗಿದ್ದರೂ ಪುಸ್ತಕವೊಂದು ಈ ಸಂಗೀತವನ್ನು ಉಳಿಸಿತು. ಇದೇ ಕಾರ್ಕ್ ಸೀಮೆಯ ಬಾಂಟ್ರಿ ಊರಿನ ಬಳಿ 1848ರಲ್ಲಿ ಹುಟ್ಟಿದ ಫ್ರಾನ್ಸಿಸ್ ಓ ನೀಲ್ ದೇಶ ಬಿಟ್ಟು ಅಮೆರಿಕಕ್ಕೆ ಹೋಗಿ ಶಿಕಾಗೋ ಪಟ್ಟಣದ ಪೊಲೀಸ್ ದೊರೆಯಾದ. ಅಲ್ಲಿಗೆ ವಲಸೆ ಬಂದ ತನ್ನ ನಾಡವರ ಬಾಯಿಂದಲೂ ವಾದ್ಯದಿಂದಲೂ 1,850 ಮಟ್ಟುಗಳನ್ನು ಬರೆಯಿಸಿ 1903ರಲ್ಲಿ ಅಚ್ಚುಹಾಕಿಸಿದ. ಸರಿಯಾಗಿ ಮರುವರ್ಷ, 1904ರಲ್ಲಿ, ಎಟ್ಟಯಪುರದಲ್ಲಿ ಸುಬ್ಬರಾಮ ದೀಕ್ಷಿತರ 'ಸಂಗೀತ ಸಂಪ್ರದಾಯ ಪ್ರದರ್ಶಿನಿ' ಅಚ್ಚಾಯಿತು. ಒಬ್ಬರ ಹೆಸರನ್ನೊಬ್ಬರು ಕೇಳದ ಇಬ್ಬರು ಒಂದೇ ಕೆಲಸವನ್ನು ಭೂಮಿಯ ಎರಡು ಮಗ್ಗುಲಲ್ಲಿ ಮಾಡುತ್ತಿದ್ದರು.

ದೀಕ್ಷಿತರ ಹೆಸರು ಇಲ್ಲಿ ಸುಮ್ಮನೆ ಬಂದುದಲ್ಲ. ನಾಲ್ಕನೆಯ ರಾತ್ರಿ ಶಿನ್ ಏ ಪಾನಗೃಹದಲ್ಲಿ ಚಿಕ್ಕವಳಾದ ಪಿಟೀಲಿನ ಹುಡುಗಿ ಏನೋ ತಮಾಷೆಗೆಂಬಂತೆ ಒಂದು ಸುಲಭವಾದ ಮಟ್ಟನ್ನು ಎತ್ತಿದಳು. ಉಳಿದವರು ನಕ್ಕು ಸೇರಿಕೊಂಡರು. ನನ್ನಾಕೆ ನನ್ನ ತೋಳನ್ನು ಹಿಡಿದ ರೀತಿಗೆ ನಾನು ಬೆಚ್ಚಿದೆನು. "ವಂದೇ ಮೀನಾಕ್ಷಿ" ಎಂದಳು. ನನಗೆ ಅರ್ಥವಾಗಲಿಲ್ಲ. ಅವಳು ಮೆಲ್ಲಗೆ, ತುಟಿಯೊಳಗೇ, ಸಂಸ್ಕೃತದ ಮಾತುಗಳನ್ನು ಹಾಡತೊಡಗಿದಳು. ಮಾತುಗಳು ಮಟ್ಟಿನ ಮೇಲೆ ಸರಿಯಾಗಿ ಕುಳಿತುವು. ನಾನು ಮದುವೆಯಾದ ಹೊಸದರಲ್ಲಿ ಅವಳ ತವರಿನ ಪಡಸಾಲೆಯಲ್ಲಿ ಏಳೆಂಟು ವರ್ಷದ ಮಕ್ಕಳು ಸಾಲಾಗಿ ಕುಳಿತು ಇದನ್ನೇ ಕುಯ್ಯುತ್ತಿದ್ದುದು ಆಗ ನೆನಪಿಗೆ ಬಂದಿತು.

ಮಟ್ಟು ನಿಂತಿತು. ಅವಳ ತುಟಿಯನ್ನು ಗಮನಿಸುತ್ತಿದ್ದ ಕೊಳಲಿನ ಮುದುಕರು ಇತ್ತ ತಿರುಗಿ, "ಅಮ್ಮ, ನಿಮಗೆ ಇದು ಗೊತ್ತೇ?" ಎಂದು ಕೇಳಿದರು.

"ಗೊತ್ತು. ಇದು ನಮ್ಮ ಕಡೆಯ ದೇವರ ಕೀರ್ತನೆ" ಎಂದಳು ಇವಳು.

ಮುದುಕರು ತಮ್ಮ ಮಂದಿಯನ್ನು ನೋಡಿದರು. ಮಂದಿ ನಗುವನ್ನು ತಡೆದುಕೊಂಡಿತು. "ಇದು 'ಮ್ಯಾಲೋ ಊರಿನ ಪುಂಡರು' ಎಂಬ ಹಾಡು ತಾಯಿ. ಮ್ಯಾಲೋ ಇಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ ಕೂಡ ಇಲ್ಲ. ಕುಡಿದು, ಜೂಜಾಡಿ, ಮನೆ ಹಾಳುಮಾಡಿಕೊಂಡ ಹುಡುಗರ ಹಾಡು."

ವಾಚಕರಲ್ಲಿ ಸಂಗೀತಜ್ಞರಾದವರಿಗೆ ಈ ಕಥೆ ತಿಳಿದೇ ಇದೆ. ತಿಳಿಯದವರಿಗಾಗಿ ಹೇಳುತ್ತೇನೆ. ಮುತ್ತುಸ್ವಾಮಿ ದೀಕ್ಷಿತರ ಕುಟುಂಬ ಮದರಾಸಿನ ಬಳಿಯ ಮಣಲಿಯಲ್ಲಿ ಕೆಲವು ಕಾಲ ನೆಲಸಿತ್ತು. ಆಶ್ರಯದಾತರಾದ ಮೊದಲಿಯಾರರ ಮೂಲಕ ಅವರಿಗೆ ಕೋಟೆಯಲ್ಲಿ ಕುಂಪಣಿಯ ವಾದ್ಯಮೇಳವನ್ನು ಕೇಳುವ ಅವಕಾಶ ಒದಗಿತು. ತಮ್ಮ ಬಾಲುಸ್ವಾಮಿ ದೀಕ್ಷಿತರು ಐರೋಪ್ಯರಿಂದ ಪಿಟೀಲನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಇಂದು ನಮ್ಮ ಯಾವ ಕಚೇರಿಯೂ ಅದಿಲ್ಲದೆ ನಡೆಯದು. ಅಣ್ಣ ಮುತ್ತುಸ್ವಾಮಿಗಳು ಆ ಮೇಳದ ಮಟ್ಟುಗಳಿಗೆ ದೇವತಾಸ್ತುತಿಯ ಸಂಸ್ಕೃತ ಸಾಹಿತ್ಯವನ್ನು ಕಟ್ಟಿದರು. ಸುಮಾರು ನಲವತ್ತು ರಚನೆಗಳಿವೆ, ನೊಟ್ಟುಸ್ವರಗಳೆಂದು ಅವುಗಳಿಗೆ ಹೆಸರು. ಕುಂಪಣಿಯ ದಂಡಿನಲ್ಲಿ ಐರಿಷ್ ಸಿಪಾಯಿಗಳು ಬಹಳ ಮಂದಿ ಇದ್ದರೆಂಬುದು ಚರಿತ್ರೆ. ಮ್ಯಾಲೋ ಊರಿನ ಪುಂಡರು ಹೀಗೆ ಸಮುದ್ರ ದಾಟಿ ಬಂದು ಮಧುರೆಯ ತಾಯಿಯ ಪಾದವನ್ನು ಸೇರಿದರು. 18ನೆಯ ಶತಮಾನದಲ್ಲಿ ಮ್ಯಾಲೋ ಔಷಧಿಗುಣದ ನೀರಿನ ಬುಗ್ಗೆಗೆ ಪ್ರಸಿದ್ಧವಾಗಿತ್ತಂತೆ. ನೀರಿಗೆಂದು ಬಂದ ಶ್ರೀಮಂತರ ಮಕ್ಕಳು ನೀರನ್ನೊಂದು ಬಿಟ್ಟು ಉಳಿದುದನ್ನೆಲ್ಲ ಕುಡಿದರೆಂದು ತೋರುತ್ತದೆ.

ಇದನ್ನೆಲ್ಲ ನನ್ನಾಕೆ ತನಗೆ ಬರುವ ಇಂಗ್ಲಿಷಿನಲ್ಲಿ, ಬಾರದ ಕಡೆ ಹುಡುಗನಿಂದ ಹೇಳಿಸಿ, ಮುದುಕರಿಗೆ ತಿಳಿಸಿದಳು. ಅವರು ಬಹಳ ಹೊತ್ತು ತಲೆದೂಗಿದರು. "ನಮ್ಮಲ್ಲಿ ಇದನ್ನು ಯಾರೂ ದೊಡ್ಡ ಮಟ್ಟೆಂದು ಎಣಿಸುವುದಿಲ್ಲ. ಮಕ್ಕಳಿಗೆ ಮೊದಲು ಕಲಿಸುವುದು" ಎಂದರು.

"ನಮ್ಮಲ್ಲಿಯೂ ಮಕ್ಕಳಿಗೆ ಕಲಿಸುವುದೇ. ನನ್ನ ತಂದೆ ನನಗೆ ಹೇಳಿಕೊಟ್ಟರು" ಎಂದಳು.

ಹುಡುಗಿ ತನ್ನ ಪಿಟೀಲನ್ನು ಮೇಜಿನ ಮೇಲಿಂದ ಇವಳ ಕಡೆಗೆ ನೀಡಿದಳು. ಇವಳು ಅದನ್ನು ತೆಗೆದುಕೊಂಡಳು. ಅಲ್ಲಿ ನೆಲದ ಮೇಲೆ ಕೂರುವ ಹಾಗಿರಲಿಲ್ಲ, ಗದ್ದದ ಕೆಳಗೆ ಹಿಡಿದು ಇವಳಿಗೆ ರೂಢಿಯಿಲ್ಲ, ಶ್ರುತಿಯೂ ಬೇರೆ. ತಂತಿಗಳ ಮೇಲೆ ಒಮ್ಮೆ ಹೆಬ್ಬೆರಳನ್ನಾಡಿಸಿ ಹಿಂದಕ್ಕೆ ಕೊಟ್ಟು, "ನೀನು ನುಡಿಸು, ನಾನು ಹಾಡುತ್ತೇನೆ" ಎಂದಳು. ಹುಡುಗಿ ನಿಧಾನವಾಗಿ ನುಡಿಸಿದಳು. ಇವಳು ಸೆರಗನ್ನು ಹೊದೆದುಕೊಂಡು, ಕಣ್ಣು ಮುಚ್ಚಿ, ಆ ಬಿಯರಿನ ವಾಸನೆಯ ನಡುವೆ ಮೀನಾಕ್ಷಿಯನ್ನು ಎರಡು ಸಲ ಹಾಡಿದಳು. ಎರಡನೆಯ ಸಲಕ್ಕೆ ಮುದುಕರ ಕೊಳಲೂ ಸೇರಿತು. ಸುರಿಯುವವನು ಲೋಟವನ್ನು ಕೆಳಗಿಟ್ಟಿದ್ದನು.

ಕಡೆಯ ದಿನ ಬೆಳಿಗ್ಗೆ ಮನೆಯೊಡತಿಯ ಸೀಸೆಗೆ ಉಳಿದ ಚಟ್ನಿಪುಡಿಯನ್ನೆಲ್ಲ ತುಂಬಿಕೊಟ್ಟು ಡಬ್ಲಿನ್ ರೈಲನ್ನು ಹತ್ತಿದೆವು. ಮಳೆ ಹಿಡಿದಿತ್ತು. ಮ್ಯಾಲೋ ನಿಲ್ದಾಣದಲ್ಲಿ ಗಾಡಿ ಒಂದೆರಡು ನಿಮಿಷ ನಿಂತಿತು. ಸಣ್ಣ ಊರು. ಪುಂಡರು ಯಾರೂ ಕಾಣಲಿಲ್ಲ. ಕೈಚೀಲ ಹಿಡಿದ ಒಬ್ಬ ಮುದುಕಿ ಇಳಿದಳು, ಶಾಲೆಯ ಹುಡುಗರಿಬ್ಬರು ಹತ್ತಿದರು. ನನ್ನಾಕೆ ಗಾಜಿನ ಮೇಲಿನ ಮಂಜನ್ನು ಸೆರಗಿನಿಂದ ಒರೆಸಿ ಹೊರಗೆ ನೋಡುತ್ತ ಕುಳಿತಿದ್ದಳು. ಗಾಡಿ ಹೊರಟ ಮೇಲೆ, "ಅಟ್ಟದ ಮೇಲಿನದಕ್ಕೆ ತಂತಿ ಎಲ್ಲ ತುಕ್ಕು ಹಿಡಿದಿರುತ್ತೆ ಅಲ್ಲವೇ?" ಎಂದಳು.

"ತಂತಿಯದೇನು, ಸಿಕ್ಕುತ್ತದೆ. ಕಮಾನಿನ ಕೂದಲನ್ನು ಹುಳು ತಿಂದಿದ್ದರೆ ಅದನ್ನು ಕಟ್ಟುವವರನ್ನು ಹುಡುಕಬೇಕು" ಎಂದೆನು.

"ಮೈಸೂರಿನಲ್ಲಿ ಒಬ್ಬರಿದ್ದರು. ಇದ್ದಾರೋ ಇಲ್ಲವೋ, ವಿಚಾರಿಸಿ" ಎಂದಳು.